ತಗಡಿನವರ ರೇಖಾಗಣಿತ

ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದಾಗ ನಮ್ಮ ಹಳ್ಳಿಗಳ ಬೆಳಕೆಂದರೆ ಚಿಮಣಿ. 1928ರಲ್ಲಿ ಸ್ಥಾಪನೆಯಾದ ಬರ್ಮಾ ಶೆಲ್‌ನಂಥ ಕಂಪನಿಗಳ ಎಣ್ಣೆ 4 ಗ್ಯಾಲನ್, ಅಂದರೆ ಸುಮಾರು 18 ಲೀಟರಿನ ಡಬ್ಬಿಗಳಲ್ಲಿ ಬರುತ್ತಿತ್ತು. ಖಾಲಿ ಡಬ್ಬಿ ಬಿಚ್ಚಿ ತಗಡಿನ ಕೆಲಸದವರು ಚಿಮಣಿ, ಆಲಿಕೆ ಮಾಡುತ್ತಿದ್ದರು. ವಿದ್ಯೆ ಕೈಯಿಂದ ಕೈಗೆ ಬರುತ್ತಿತ್ತು.

ಆಲಿಕೆಯ ಬಾಯಿ 14 ಸೆಂ.ಮೀ. ಅಗಲ, ಓರೆ ಎತ್ತರವೂ 14 ಇರಬೇಕೆ? 14 ಸೆಂ.ಮೀ. ತ್ರಿಜ್ಯದ ಅರ್ಧ ವೃತ್ತ ಕತ್ತರಿಸಿ ಸುತ್ತಿದರಾಯಿತು. ಅದರ ಕಂಸ 44, ಬಾಯಿಯ ಸುತ್ತಳತೆಯೂ 44. ಬೆಸುಗೆಯ ಅಂಚಿಗೆ ಅರ್ಧ ಬೆರಳು ಹೆಚ್ಚು ಬಿಡಬೇಕು, ಅಷ್ಟೆ.

ಪ್ಲಾಸ್ಟಿಕ್ ಬಂದು ಈ ಕಸುಬು ಕುಗ್ಗಿತು. ನಮ್ಮ ಮಕ್ಕಳಿಗೆ ಶಂಕುವಿನ ಸೂತ್ರ ಬಾಯಿಪಾಠ, ಬಿಚ್ಚಿದ ಶಂಕು ಮಾತ್ರ ಕಂಡಿಲ್ಲ. ಹಳೆಯ ರಟ್ಟು, ಕತ್ತರಿ ಸಾಕು. ವರ್ಗದಲ್ಲಿ ಮಾಡಿಸಿ ನೋಡಿ, ಗುರುಗಳೇ.