ರೀಪಿನಿಂದ ಕಳಚುವ ಹೆಂಚು

ಮನೆಯ ಸಣ್ಣಪುಟ್ಟ ದುರಸ್ತಿಯನ್ನು ಮನೆಯವರೇ ಮಾಡಿಕೊಳ್ಳುವ ವಿದ್ಯೆ ಮರೆಯಾಗಲು ಕಾರ್ಖಾನೆಯ ಸರಕೇ ಕಾರಣ ಎಂಬ ಮಾತಿದೆ. ಕರಾವಳಿಯ ಮಾಡುಗಳ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯುವ ಮೊದಲು ಬಡವರ ಮಾಡಿಗೆ ಮುಳಿಹುಲ್ಲು, ಮಡಲುಗಳೇ ಗತಿ. ವರ್ಷ ವರ್ಷವೂ ಹೊಸದಾಗಿ ಹೊದೆಸಬೇಕಿತ್ತು. ನಾಡಹೆಂಚು ಹಾಕಿಸಿದವರಿಗೂ ಬಿಡುವಿರಲಿಲ್ಲ. ಗಾಳಿಗೋ ಮಂಗಗಳ ಕಾಟಕ್ಕೋ ಅದು ಜಾರುತ್ತಿತ್ತು, ಮಳೆಗಾಲಕ್ಕೆ ಮುಂಚೆ ಇಡೀ ಮಾಡಿಗೆ ಕೈಯಾಡಿಸಬೇಕಿತ್ತು. ಮಂಗಳೂರು ಹೆಂಚು ಈ ದುಡಿಮೆಯನ್ನು ಇಳಿಸಿತು, ವಿದ್ಯೆಯನ್ನು ಮಾತ್ರ ಕಸಿದುಕೊಳ್ಳಲಿಲ್ಲ. ಅದರ ಅಡಿಯ ಉಬ್ಬು ಮಾಡಿನ ಮರದ ಪಟ್ಟಿಗೆ, ಅಂದರೆ ರೀಪಿಗೆ, ಸಿಕ್ಕಿಕೊಳ್ಳುತ್ತದೆ, ಅಂಚಿನ ಕಚ್ಚು ಪಕ್ಕದ ಹೆಂಚನ್ನು ಹಿಡಿಯುತ್ತದೆ. ಮೊಳೆಯೂ ಬೇಡ, ಗಾರೆಯೂ ಬೇಡ. ಒಂದು ಒಡೆದರೆ ಏಣಿ ಇಟ್ಟು, ಮೇಲಿನದನ್ನು ತುಸು ಎತ್ತಿ, ಒಡೆದದ್ದನ್ನು ಎಳೆದು ಹೊಸದನ್ನು ತೂರಿಸಿದರೆ ಮುಗಿಯಿತು. ಖರ್ಚು ಒಂದೇ ಹೆಂಚಿನದು. ಅಚ್ಚು ಬೇರೆಯಾದರೆ ಕಚ್ಚು ಕೂರದು, ಆದ್ದರಿಂದ ಹೆಂಚಿನ ಮೇಲಿನ ಕಂಪನಿಯ ಮುದ್ರೆ ನೋಡಿ ತರಬೇಕು.

ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಸೋರಿಕೆಯನ್ನು ಹೀಗೆ ಮನೆಯವರೇ ಸರಿಪಡಿಸಲು ಚೌಳು ಮಣ್ಣು ಒದಗುತ್ತಿತ್ತು. ಬೆಳೆಗೆ ಶತ್ರುವಾದ ಆ ಮಣ್ಣಿನ ನುಣುಪು ಕಣಗಳು ನೆನೆದಾಗ ಹರಡಿ ಸಂದುಗಳನ್ನು ಮುಚ್ಚಿ ನೀರನ್ನು ತಡೆಯುತ್ತವೆ. ಸೋರಿದ ಕಡೆ ನಾಲ್ಕು ಪುಟ್ಟಿ ಹೊತ್ತು ಹರಡಿದರೆ ಸಾಕಿತ್ತು.

ವರ್ಷವರ್ಷದ ಈ ಪಾಡಿನಿಂದ ಆರ್‌ಸಿಸಿ ತಾರಸಿ ಬಿಡುಗಡೆ ಕೊಟ್ಟಿತಲ್ಲ ಎಂದು ಕೇಳಬಹುದು. ನಿಜ, ಮಣ್ಣು ಹೊರುವುದು ಕಷ್ಟದ ಕೆಲಸವಾಗಿತ್ತು, ಹುಲ್ಲಿನ ಮಾಡಿಗೆ ಬೆಂಕಿಯ ಭಯವೂ ಇತ್ತು. ಆ ಕಷ್ಟವನ್ನು ಹಾಡಿ ಹೊಗಳುವುದು ಅನ್ಯಾಯ. ಆದರೆ ತಾರಸಿಯಲ್ಲಿ ನೀರು ಇಳಿಯುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಅದನ್ನು ಬಿಚ್ಚಿ ನೋಡುವ ದಾರಿ ಮನೆಯವರಿಗಿಲ್ಲ, ಕೈಯಲ್ಲಿ ಕಾಸಿಲ್ಲದವರು ಬಕೆಟ್ ಇಟ್ಟು ಕಾಯಬೇಕು. ಜನರ ಕೈಯಿಂದ ರಿಪೇರಿ ಜಾರಿದ್ದು ಯಂತ್ರ ಬಂದಾಗಲ್ಲ, ಬಿಚ್ಚಲಾಗದ ಸೂರು ಬಂದಾಗ. ಕರಾವಳಿ, ಮಲೆನಾಡುಗಳಲ್ಲಿ ಈಗ ತಾರಸಿಯ ಮೇಲೆ ಮತ್ತೆ ಶೀಟು, ಹೆಂಚುಗಳ ಇಳಿಜಾರು ಮಾಡು ಏಳುತ್ತಿರುವುದೇ ಇದಕ್ಕೆ ಸಾಕ್ಷಿ.

ಮಂಗಳೂರಿನ ಹಳೆಯ ಹೆಂಚಿನ ಕಾರ್ಖಾನೆಗಳು ಬಹುಪಾಲು ಮುಚ್ಚಿವೆ. ಹಳೆಯ ಮನೆ ಕೆಡಹುವವರು ದಯವಿಟ್ಟು ಹೆಂಚುಗಳನ್ನು ಮಣ್ಣುಪಾಲು ಮಾಡಬೇಡಿ; ಅದೇ ಮುದ್ರೆಯ ಒಂದು ಹೆಂಚಿಗಾಗಿ ಊರಲ್ಲಿ ಯಾರದೋ ಮಾಡು ಸೋರುತ್ತಿರುತ್ತದೆ.