ಹಾಡು ನಿಮ್ಮದು, ಹಕ್ಕು ಯಾರದು? ಮ್ಯಾನೇಜರ್ ಇಲ್ಲದ ಸಂಗೀತಗಾರರು ತಿಳಿಯಲೇಬೇಕಾದ ವ್ಯವಹಾರ ಪಾಠ

ಪುಣೆ: 2023ರ ಏಪ್ರಿಲ್ 30, ಭಾನುವಾರ ರಾತ್ರಿ. ಪುಣೆಯ ರಾಜಾ ಬಹಾದ್ದೂರ್ ಮಿಲ್ಸ್ ಆವರಣದಲ್ಲಿ ಎ.ಆರ್. ರೆಹಮಾನ್ ಅವರ ಸಂಗೀತ ಕಾರ್ಯಕ್ರಮ ನಡೆದಿತ್ತು. ಗಂಟೆ 10 ದಾಟಿತು. ವೇದಿಕೆ ಏರಿದ ಪೊಲೀಸ್ ಅಧಿಕಾರಿಯೊಬ್ಬರು ಕೈಗಡಿಯಾರದತ್ತ ಬೆರಳು ತೋರಿಸಿ, ನಿಲ್ಲಿಸಿ ಎಂದರು. ಹಾಡು ಅಲ್ಲಿಗೇ ನಿಂತಿತು. ಆ ವಿಡಿಯೊ ನೀವೂ ನೋಡಿರಬಹುದು.

ಆಸ್ಕರ್ ಗೆದ್ದ ಸಂಗೀತ ನಿರ್ದೇಶಕರಿಗೇ ಹೀಗಾದರೆ, ರಾಜ್ಯೋತ್ಸವಕ್ಕೆ ಹುಬ್ಬಳ್ಳಿಯಿಂದ ತಬಲಾ, ಹಾರ್ಮೋನಿಯಂ ಕಟ್ಟಿಕೊಂಡು ಪುಣೆಗೆ ಹೋಗುವ ಗಾಯಕರ ಕತೆ ಏನು? ಸಮಯ ನೋಡುವುದು, ಅನುಮತಿ ಇದೆಯೇ ಎಂದು ಕೇಳುವುದು, ಒಪ್ಪಂದ ಓದುವುದು, ಬಾಕಿ ವಸೂಲಿ ಮಾಡುವುದು ಮ್ಯಾನೇಜರ್ ಕೆಲಸ. ಆದರೆ ನಮ್ಮಲ್ಲಿ ಬಹುತೇಕ ಸಂಗೀತಗಾರರಿಗೆ ಮ್ಯಾನೇಜರ್ ಇಲ್ಲ. ಹಾಡುವವರೇ ಫೋನ್ ಎತ್ತಬೇಕು, ಬಿಲ್ ಬರೆಯಬೇಕು. ಸ್ವರ, ತಾಳ ಕಲಿಸಲು ಗುರುಗಳಿದ್ದಾರೆ, ಇದನ್ನು ಕಲಿಸುವವರು ಕಡಿಮೆ.

ತಪ್ಪಿದರೆ ಆಗುವ ನಷ್ಟ ಒಂದು ಕಾರ್ಯಕ್ರಮದ ಸಂಭಾವನೆಗೆ ಮುಗಿಯುವುದಿಲ್ಲ. ಒಂದು ಸಹಿಯಿಂದ ಹಾಡಿನ ಜೀವಮಾನದ ಆದಾಯವೇ ಕೈತಪ್ಪಬಹುದು. ಹಾಗಾಗಿ ಸ್ವಂತ ವ್ಯವಹಾರ ನೋಡಿಕೊಳ್ಳುವ ಗಾಯಕರು, ವಾದಕರು, ಬ್ಯಾಂಡ್‌ಗಳು ಮತ್ತು ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಮ್ಯಾನೇಜರ್‌ಗಳು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಪುಣೆಯಲ್ಲಿ ಒಬ್ಬ ಕನ್ನಡಿಗ ಕಟ್ಟಿದ ಉತ್ಸವ

ಸಂಗೀತಗಾರನೇ ಸಂಘಟಕನಾಗುವುದು ಹೊಸ ವಿಷಯವೇನಲ್ಲ. ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಪಂಡಿತ್ ಭೀಮಸೇನ ಜೋಶಿ ಪುಣೆಯಲ್ಲಿ ನೆಲೆಸಿದವರು. ಕುಂದಗೋಳದ ಅವರ ಗುರು ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಗುರುವಿನ ಸ್ಮರಣೆಗೆ ಪುಣೆಯಲ್ಲಿ ಸಂಗೀತೋತ್ಸವ ಶುರುವಾಯಿತು. ಭೀಮಸೇನರು ದಶಕಗಳ ಕಾಲ ಅದರ ಹೊಣೆ ಹೊತ್ತರು. ಅದೇ ಉತ್ಸವದಲ್ಲಿ ಕೊನೆಗೆ ತಾವೂ ಹಾಡುತ್ತಿದ್ದರು.

ಊರಿಂದೂರಿಗೆ ತಾವೇ ಕಾರು ಓಡಿಸಿಕೊಂಡು ಹೋಗಿ ಹಾಡುತ್ತಿದ್ದ ಅವರ ಡ್ರೈವಿಂಗ್ ಹುಚ್ಚು ಜನಜನಿತ. ಅವರ ವಿಮಾನ ಪ್ರಯಾಣದ ಭರಾಟೆ ನೋಡಿ ಮರಾಠಿ ಲೇಖಕ ಪು.ಲ. ದೇಶಪಾಂಡೆ ಪ್ರೀತಿಯಿಂದ 'ಹವಾಯಿ ಗಂಧರ್ವ' ಎಂದು ಹೆಸರಿಟ್ಟಿದ್ದರು. 2011ರಲ್ಲಿ ಅವರು ನಿಧನರಾದ ಮೇಲೆ ಉತ್ಸವದ ಹೆಸರಿಗೆ ಭೀಮಸೇನರ ಹೆಸರೂ ಸೇರಿತು. ಆರ್ಯ ಸಂಗೀತ ಪ್ರಸಾರಕ ಮಂಡಳವು ಅದನ್ನು ಇಂದಿಗೂ ಪ್ರತಿ ಡಿಸೆಂಬರ್‌ನಲ್ಲಿ ನಡೆಸುತ್ತದೆ.

ಈ ಉತ್ಸವ ಒಂದು ಕಾಲದಲ್ಲಿ ರಾತ್ರಿಯಿಡೀ ನಡೆದು ಸೂರ್ಯೋದಯಕ್ಕೆ ಮುಗಿಯುತ್ತಿತ್ತು. ಧ್ವನಿವರ್ಧಕದ ನಿಯಮ ಬಂದ ಮೇಲೆ ವೇಳಾಪಟ್ಟಿ ಬದಲಾಯಿತು. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಅನುಮತಿ ಪತ್ರದ ಪ್ರತಿ ಕೇಳಿ ಪಡೆಯಿರಿ. 9.15ಕ್ಕೆ ವೇದಿಕೆ ಕೊಟ್ಟು ಒಂದೂವರೆ ಗಂಟೆ ಹಾಡಿ ಎನ್ನುವ ಸಂಘಟಕರು ಎಲ್ಲ ಊರಲ್ಲೂ ಇದ್ದಾರೆ. ಸ್ವಾಗತ ಭಾಷಣ, ಸನ್ಮಾನಗಳು ಮುಗಿಯುವಷ್ಟರಲ್ಲಿ ಗಾಯಕರ ಸಮಯವೇ ಮುಗಿದಿರುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸತ್ಯ.

ಸಹಿ ಹಾಕುವ ಮುನ್ನ ಈ ಕಾನೂನು ಓದಿ

ಆಡಿಯೊ ಕಂಪನಿಗೋ ಯೂಟ್ಯೂಬ್ ಚಾನೆಲ್‌ಗೋ ಹಾಡು ಕೊಡುವಾಗ 'ಒಂದು ಪುಟದ ಒಪ್ಪಂದ ಅಷ್ಟೇ, ಸಹಿ ಹಾಕಿ' ಎನ್ನುವ ಮಾತು ಕೇಳಿಬರುತ್ತದೆ. ಆ ಒಂದು ಪುಟವನ್ನು ಹಕ್ಕುಸ್ವಾಮ್ಯ ಕಾಯ್ದೆ 1957ರ 18 ಮತ್ತು 19ನೇ ಸೆಕ್ಷನ್‌ಗಳ ಜೊತೆ ಇಟ್ಟುಕೊಂಡು ಓದಬೇಕು. ಕಾಯ್ದೆ ಸಂಗೀತಗಾರರ ಪರವಾಗಿ ಎಷ್ಟು ಗಟ್ಟಿಯಾಗಿದೆ ಎಂದು ಗೊತ್ತಾದರೆ ನಿಮಗೇ ಅಚ್ಚರಿಯಾಗುತ್ತದೆ.

ಮೊದಲನೆಯದಾಗಿ, ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಅದಕ್ಕೆ ಹಕ್ಕುದಾರರ ಸಹಿ ಇರಬೇಕು. ಬಾಯಿಮಾತಿನಲ್ಲಿ 'ಕೊಟ್ಟೆ' ಎಂದರೆ ಸಾಲದು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ರಾಯಧನ ಎಷ್ಟು ಎಂಬುದೂ ಅದರಲ್ಲಿ ನಮೂದಾಗಬೇಕು. ಅವಧಿ ಬರೆಯದೆ ಬಿಟ್ಟಿದ್ದರೆ ಅದು 5 ವರ್ಷ ಎಂದೇ ಪರಿಗಣಿಸಲಾಗುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅನ್ವಯ. ಹಕ್ಕು ಪಡೆದವರು 1 ವರ್ಷದೊಳಗೆ ಅದನ್ನು ಬಳಸದೇ ಇದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದಲ್ಲಿ, ಆ ಹಕ್ಕಿನ ವರ್ಗಾವಣೆ ಬಿದ್ದುಹೋಗುತ್ತದೆ. ಆದ್ದರಿಂದಲೇ ಕಂಪನಿಗಳ ಒಪ್ಪಂದಗಳಲ್ಲಿ 'ಶಾಶ್ವತವಾಗಿ', 'ವಿಶ್ವಾದ್ಯಂತ' ಎಂಬ ಪದಗಳು ತಪ್ಪದೇ ಇರುತ್ತವೆ. ಆ ಎರಡು ಪದ ಕಂಡ ಕಡೆ ಪೆನ್ನು ಕೆಳಗಿಟ್ಟು ಮಾತುಕತೆ ಶುರು ಮಾಡಿ.

ಎರಡನೆಯದು 2012ರ ತಿದ್ದುಪಡಿ. ಗೀತರಚನೆಕಾರ, ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ದೊಡ್ಡ ದನಿ ಎತ್ತಿದ್ದರು. ಇದರ ಪ್ರಕಾರ ಸಿನಿಮಾ ಹಾಡಿನ ಸಾಹಿತ್ಯ ಬರೆದವರು, ಸಂಗೀತ ಸಂಯೋಜಿಸಿದವರು ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗೆ ಬರುವ ರಾಯಧನದಲ್ಲಿ ಸಮಪಾಲು ಪಡೆಯುತ್ತಾರೆ. ಸಿನಿಮಾದ ಭಾಗವಲ್ಲದ ಧ್ವನಿಮುದ್ರಣಗಳಿಗೂ ಇದೇ ರಕ್ಷಣೆ ಇದೆ. ಈ ಪಾಲನ್ನು ಬರೆದುಕೊಡಲು ಸಾಧ್ಯವೇ ಇಲ್ಲ. ವಾರಸುದಾರರಿಗೆ ಅಥವಾ ರಾಯಧನ ಸಂಗ್ರಹಿಸುವ ಹಕ್ಕುಸ್ವಾಮ್ಯ ಸಂಸ್ಥೆಗೆ ಮಾತ್ರ ವಹಿಸಬಹುದು. 'ಎಲ್ಲ ರಾಯಧನ ಬಿಟ್ಟುಕೊಟ್ಟಿದ್ದೇನೆ' ಎಂಬ ಸಾಲಿಗೆ ನೀವು ಸಹಿ ಹಾಕಿದ್ದರೂ ಆ ಸಾಲು ಊರ್ಜಿತವಲ್ಲ.

ಗಾಯಕರು, ವಾದಕರದ್ದು ಬೇರೆ ಲೆಕ್ಕ. ಕಾನೂನಿನ ಕಣ್ಣಲ್ಲಿ ಅವರು ಹಾಡಿನ ಕರ್ತೃಗಳಲ್ಲ, ಪ್ರದರ್ಶಕರು. ಆದರೆ ಅವರ ಪ್ರದರ್ಶನದ ವಾಣಿಜ್ಯ ಬಳಕೆಗೆ ರಾಯಧನ ಪಡೆಯುವ ಹಕ್ಕು ಅವರಿಗೂ ಇದೆ. ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ಸಾಹಿತ್ಯ, ಸಂಯೋಜನೆಯ ಹಕ್ಕುಸ್ವಾಮ್ಯ ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 60 ವರ್ಷ.

ಹಕ್ಕುಸ್ವಾಮ್ಯ ನೋಂದಣಿ ಕಡ್ಡಾಯವಲ್ಲ, ಆದರೆ ವಿವಾದ ಬಂದಾಗ ಸಾಕ್ಷ್ಯವಾಗುತ್ತದೆ. ಸಾಹಿತ್ಯ ಅಥವಾ ಸಂಯೋಜನೆಗೆ ₹500, ಧ್ವನಿಮುದ್ರಣಕ್ಕೆ ₹2,000 ಶುಲ್ಕವಿದ್ದು, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ರಾಯಧನ ಬರುವ ದಾರಿ ಒಂದಲ್ಲ

ನೀವೇ ಬರೆದು, ರಾಗ ಹಾಕಿ, ಹಾಡಿ, ರೆಕಾರ್ಡ್ ಮಾಡಿಸಿ ಹಾಡೊಂದನ್ನು ಬಿಡುಗಡೆ ಮಾಡಿದ್ದೀರಿ ಎಂದುಕೊಳ್ಳಿ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂಥ ವಿತರಕರ ಮೂಲಕ ಅದು ಸ್ಪಾಟಿಫೈ, ಆಪಲ್ ಮ್ಯೂಸಿಕ್ ಸೇರುತ್ತದೆ. ವಿತರಕರಿಂದ ನಿಮಗೆ ಬರುವುದು ಧ್ವನಿಮುದ್ರಣದ ಹಣ ಮಾತ್ರ. ಸಾಹಿತ್ಯ ಮತ್ತು ಸಂಯೋಜನೆಯ ಹಣ ಬೇರೆ ದಾರಿಯಲ್ಲಿ ಬರುತ್ತದೆ. ಭಾರತದಲ್ಲಿ ಅದನ್ನು ಸಂಗ್ರಹಿಸುವುದು 1969ರಲ್ಲಿ ಸ್ಥಾಪನೆಯಾದ, ಮುಂಬೈನ ಐಪಿಆರ್‌ಎಸ್. ಗೀತರಚನೆಕಾರರು, ಸಂಯೋಜಕರು, ಪ್ರಕಾಶಕರು ಇದರ ಸದಸ್ಯರಾಗಬಹುದು. ಗಾಯಕರು, ವಾದಕರಿಗೆ ಇಸಾಮ್ರಾ ಎಂಬ ಸಂಸ್ಥೆ ಇದೆ. 2013ರಲ್ಲಿ ಗಾಯಕರ ಸಂಸ್ಥೆಯಾಗಿ ನೋಂದಣಿಯಾಗಿದ್ದ ಇದು ಈಗ ವಾದಕರನ್ನೂ ಒಳಗೊಂಡಿದೆ.

ಸದಸ್ಯರಾದರೆ ಸಾಲದು, ಪ್ರತಿ ಹಾಡಿನ ವಿವರವನ್ನೂ ದಾಖಲಿಸಬೇಕು. ಬಹಳಷ್ಟು ಮಂದಿ ಎಡವುವುದು ಇಲ್ಲೇ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಊರಿನ ಹೆಸರು ಸೇರಿಸಿ ಬರೆದರೆ ಕಂಪ್ಯೂಟರ್ ಪಾಲಿಗೆ ನೀವು ಮೂವರು ಬೇರೆ ಬೇರೆ ವ್ಯಕ್ತಿಗಳು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗಲಂತೂ ದೀರ್ಘ, ಮಹಾಪ್ರಾಣಗಳು ಒಬ್ಬೊಬ್ಬರ ಕೈಲಿ ಒಂದೊಂದು ರೂಪ ತಾಳುತ್ತವೆ. ಒಂದೇ ಕಾಗುಣಿತ ಆರಿಸಿ ಎಲ್ಲ ಕಡೆ ಅದನ್ನೇ ಬಳಸಿ. ಪ್ರತಿ ಧ್ವನಿಮುದ್ರಣಕ್ಕೆ ಸಿಗುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತವನ್ನು ಬರೆದಿಟ್ಟುಕೊಳ್ಳಿ. ವಿತರಕರನ್ನು ಬದಲಿಸಿದಾಗಲೂ ಅದೇ ಸಂಕೇತ ಮುಂದುವರಿಯಬೇಕು.

ಬ್ಯಾಂಡ್ ಆದರೆ ಹಾಡಿನಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನು ರೆಕಾರ್ಡಿಂಗ್ ದಿನವೇ ಬರೆದು ಎಲ್ಲರ ಸಹಿ ಪಡೆಯಿರಿ. ಗೆಳೆತನ ಚೆನ್ನಾಗಿದ್ದಾಗ ಈ ಮಾತು ಎತ್ತಲು ಸಂಕೋಚ, ಕೆಟ್ಟ ಮೇಲೆ ಎತ್ತಿದರೆ ಜಗಳ.

₹60,000ಕ್ಕೆ ಒಪ್ಪಿದರೆ ಕೈಗೆ ಬರುವುದೆಷ್ಟು?

ಉದಾಹರಣೆಗೆ, ಹುಬ್ಬಳ್ಳಿಯ ಗಾಯಕರೊಬ್ಬರು ಪುಣೆಯ ಕಾರ್ಯಕ್ರಮಕ್ಕೆ ₹60,000ಕ್ಕೆ ಒಪ್ಪಿದ್ದಾರೆ ಎನ್ನೋಣ. ಸಂಘಟಕ ಸಂಸ್ಥೆ ಶೇ.10 ಟಿಡಿಎಸ್ ಕಡಿತ ಮಾಡಿದರೆ ಖಾತೆಗೆ ₹54,000 ಬರುತ್ತದೆ. ತಬಲಾ, ಹಾರ್ಮೋನಿಯಂ ಸಾಥಿದಾರರಿಗೆ ತಲಾ ₹10,000. ಹೋಗಿ ಬರುವ ಕಾರು, ಡೀಸೆಲ್, ಟೋಲ್ ಸೇರಿ ₹16,000. ಊಟ, ವಸತಿ ₹6,000. ಒಟ್ಟು ಖರ್ಚು ₹42,000, ಕೈಯಲ್ಲಿ ಉಳಿಯುವುದು ₹12,000. ಕಡಿತವಾದ ₹6,000 ನಿಮ್ಮ ಪ್ಯಾನ್ ಅಡಿ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಬೇಕು. ರಿಟರ್ನ್ ಸಲ್ಲಿಸಿದಾಗ ಅದು ತೆರಿಗೆಗೆ ಹೊಂದಾಣಿಕೆಯಾಗುತ್ತದೆ ಅಥವಾ ವಾಪಸ್ ಬರುತ್ತದೆ. ರಿಟರ್ನ್ ಹಾಕದಿದ್ದರೆ ಅದೂ ಹೋಯಿತು.

ಈಗ ಮ್ಯಾನೇಜರ್ ಇದ್ದಾರೆ, ಕಮಿಷನ್ ಶೇ.15 ಎಂದುಕೊಳ್ಳಿ. ಒಟ್ಟು ಸಂಭಾವನೆಯ ಮೇಲಾದರೆ ₹9,000 ಕೊಡಬೇಕು, ಗಾಯಕರ ಕೈಯಲ್ಲಿ ₹3,000 ಉಳಿಯುತ್ತದೆ. ಖರ್ಚು ಕಳೆದ ₹18,000ದ ಮೇಲಾದರೆ ಕಮಿಷನ್ ₹2,700 ಮಾತ್ರ. ಒಪ್ಪಂದದಲ್ಲಿ 'ಶೇ.15' ಎಂದಷ್ಟೇ ಬರೆದು, ಯಾವುದರ ಮೇಲೆ ಎಂದು ಬರೆಯದಿದ್ದರೆ ಜಗಳಕ್ಕೆ ಅಷ್ಟೇ ಸಾಕು. ಮ್ಯಾನೇಜರ್ ಕಮಿಷನ್ ಸಾಮಾನ್ಯವಾಗಿ ಶೇ.15ರಿಂದ 20ರಷ್ಟಿರುತ್ತದೆ. ಒಪ್ಪಂದ ಮುಗಿದ ಮೇಲೂ ಹಳೆಯ ಹಾಡುಗಳ ಆದಾಯದಲ್ಲಿ ಅವರಿಗೆ ಪಾಲಿದೆಯೇ, ಇದ್ದರೆ ಎಷ್ಟು ವರ್ಷ ಎಂಬುದನ್ನೂ ಕೇಳಿ.

ಜಿಎಸ್‌ಟಿ ಬಗ್ಗೆ ಅನಗತ್ಯ ಭಯ ಬೇಡ. ವಾರ್ಷಿಕ ವಹಿವಾಟು ₹20 ಲಕ್ಷ ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. ಬೇರೆ ರಾಜ್ಯದಲ್ಲಿ ಹಾಡಿದ ಮಾತ್ರಕ್ಕೂ ಕಡ್ಡಾಯವಾಗುವುದಿಲ್ಲ. ಶಾಸ್ತ್ರೀಯ ಅಥವಾ ಜಾನಪದ ಕಾರ್ಯಕ್ರಮವಾದರೆ, ಒಂದು ಪ್ರದರ್ಶನದ ಸಂಭಾವನೆ ₹1.5 ಲಕ್ಷದವರೆಗೆ ಜಿಎಸ್‌ಟಿ ವಿನಾಯಿತಿ ಇದೆ. ಸಿನಿಮಾ ಹಾಡು, ರಾಕ್ ಸಂಗೀತಕ್ಕೆ ಈ ವಿನಾಯಿತಿ ಸಿಗದು.

ಮುಂಗಡ ಪಡೆಯದೆ ಊರು ಬಿಡಬೇಡಿ. ಅರ್ಧ ಮೊತ್ತ ದಿನಾಂಕ ನಿಗದಿಯಾದಾಗ, ಉಳಿದದ್ದು ವೇದಿಕೆ ಏರುವ ಮುನ್ನ ಎಂಬುದು ಒಳ್ಳೆಯ ರೂಢಿ. ಕಾರ್ಯಕ್ರಮ ರದ್ದಾದರೆ ಮುಂಗಡ ಯಾರದು ಎಂಬ ಸಾಲು ಒಪ್ಪಂದದಲ್ಲಿರಲಿ. ವಾಟ್ಸ್‌ಆ್ಯಪ್‌ನಲ್ಲಿ ಮಾತಾಗಿದ್ದರೂ ಎಲ್ಲ ಷರತ್ತುಗಳನ್ನು ಸೇರಿಸಿ ಒಂದು ಇಮೇಲ್ ಕಳಿಸಿ, ಒಪ್ಪಿಗೆ ಪಡೆಯಿರಿ.

ಮದುವೆ ಆರ್ಕೆಸ್ಟ್ರಾದವರಿಗೆ ಒಂದು ಮಾತು

ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಮಾರಂಭಗಳಲ್ಲಿ ಹಾಡು ನುಡಿಸುವುದಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದರೆ ಹೋಟೆಲ್‌ನಲ್ಲಿ ನಡೆಯುವ ಸಂಗೀತ ರಾತ್ರಿ ಈ ವ್ಯಾಪ್ತಿಗೆ ಬರುತ್ತದೆಯೇ ಎಂಬ ತಕರಾರು ಹಲವು ಬಾರಿ ಕೋರ್ಟ್ ಮೆಟ್ಟಿಲೇರಿದೆ. ಟಿಕೆಟ್ ಇಟ್ಟು ಮಾಡುವ ಕಾರ್ಯಕ್ರಮಕ್ಕೆ ಪರವಾನಗಿ ಬೇಕು. ಅದನ್ನು ಪಡೆಯುವ ಹೊಣೆ ಸಂಘಟಕರದ್ದು ಎಂದು ಮೊದಲೇ ಬರೆಸಿಕೊಳ್ಳಿ.

ಇದನ್ನೆಲ್ಲ ಕಲಿಯುವುದು ಎಲ್ಲಿ?

ಪುಣೆಯಲ್ಲಿ ಸಂಗೀತ ಶಿಕ್ಷಣಕ್ಕೆ ಕೊರತೆಯಿಲ್ಲ. ವಿನಾಯಕರಾವ್ ಪಟವರ್ಧನರು 1932ರಲ್ಲಿ ಆರಂಭಿಸಿದ ಗಾಂಧರ್ವ ಮಹಾವಿದ್ಯಾಲಯ, ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ, ಧ್ವನಿಮುದ್ರಣ ಕಲಿಸುವ ಎಫ್‌ಟಿಐಐ ಇಲ್ಲೇ ಇವೆ. ಎನ್‌ಎಚ್‌7 ವೀಕೆಂಡರ್ ಉತ್ಸವ 2010ರಲ್ಲಿ ಹುಟ್ಟಿದ್ದೂ ಇದೇ ಊರಲ್ಲಿ. ಉತ್ಸವಗಳಲ್ಲಿ ಸ್ವಯಂಸೇವಕರಾಗಿ ನಾಲ್ಕು ದಿನ ದುಡಿದರೆ, ಧ್ವನಿ ಪರೀಕ್ಷೆಯಿಂದ ಕಲಾವಿದರ ಊಟದವರೆಗೆ ಏನೆಲ್ಲ ನಡೆಯುತ್ತದೆ ಎಂಬುದು ಯಾವ ಕೋರ್ಸ್‌ಗಿಂತ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಬ್ರಿಟನ್‌ನಲ್ಲಿ ಮ್ಯಾನೇಜರ್‌ಗಳೇ 1992ರಲ್ಲಿ ಮ್ಯೂಸಿಕ್ ಮ್ಯಾನೇಜರ್ಸ್ ಫೋರಂ ಕಟ್ಟಿಕೊಂಡಿದ್ದಾರೆ. ಅದು ಹೊಸಬರಿಗೆ ತರಬೇತಿ ಕೊಡುತ್ತದೆ. ಸ್ಟ್ರೀಮಿಂಗ್ ಹಣ ಯಾರ್ಯಾರ ಕೈ ದಾಟಿ ಬರುತ್ತದೆ ಎಂದು ವಿವರಿಸುವ ಅದರ ಕೈಪಿಡಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಡಿಎಲ್-101 ಎಂಬ ಆರಂಭಿಕ ಆನ್‌ಲೈನ್ ಕೋರ್ಸ್ ಉಚಿತ. ಐಪಿಆರ್‌ಎಸ್ ಕೂಡ ಸಂಗೀತ ರಚನೆಕಾರರಿಗೆ ಕಾರ್ಯಾಗಾರ ನಡೆಸುತ್ತದೆ. ಇವೆಲ್ಲ ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿವೆ. ಕನ್ನಡದಲ್ಲಿ ಇಂಥದ್ದೊಂದು ಪಾಠ ಶುರು ಮಾಡಲು ನಮ್ಮ ಸಂಗೀತ ವಿಶ್ವವಿದ್ಯಾಲಯ, ಅಕಾಡೆಮಿಗಳಿಗೆ ಏನಡ್ಡಿ?

ಬ್ಯಾಂಡ್‌ನೊಳಗೇ ಒಬ್ಬರು ಈ ಹೊಣೆ ಹೊರುವುದು ಇನ್ನೊಂದು ದಾರಿ. ಬೆಂಗಳೂರಿನ ಸ್ವರಾತ್ಮ ಬ್ಯಾಂಡ್‌ನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಜಿಷ್ಣು ದಾಸ್‌ಗುಪ್ತಾ ಅವರೇ ವ್ಯವಹಾರವನ್ನೂ ನೋಡಿಕೊಂಡಿದ್ದರು. ನಿಮ್ಮ ತಂಡದಲ್ಲೂ ಲೆಕ್ಕ ಬರುವ, ಇಮೇಲ್‌ಗೆ ತಕ್ಷಣ ಉತ್ತರಿಸುವ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಆ ಕೆಲಸದ ಪಾಲು ಎಷ್ಟು ಎಂಬುದನ್ನೂ ಬರಹದಲ್ಲೇ ನಿಗದಿ ಮಾಡಿ.