ರದ್ದಿಯಿಂದ ಗ್ರಂಥಕ್ಕೆ: ‘ದಿ ಗ್ರೇಟ್ ಕಾಮಿಕ್ ಬುಕ್ ಹೀರೋಸ್’

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ನ ಹಳೆಯ ಕಥೆಗಳನ್ನು ಆರಿಸಿ, ಅವುಗಳ ಇತಿಹಾಸವನ್ನೂ ಜೊತೆಗಿಟ್ಟು ಪ್ರಕಟಿಸಿದ ಮೊದಲ ಮಹತ್ವದ ಸಂಕಲನವೆಂದರೆ ‘ದಿ ಗ್ರೇಟ್ ಕಾಮಿಕ್ ಬುಕ್ ಹೀರೋಸ್’. 1965ರಲ್ಲಿ ನ್ಯೂಯಾರ್ಕಿನ ಡಯಲ್ ಪ್ರೆಸ್ ಇದನ್ನು ಹೊರತಂದಿತು. ಕಥೆಗಳನ್ನು ಆರಿಸಿ, ದೀರ್ಘ ಪ್ರಬಂಧವೊಂದನ್ನು ಬರೆದವರು ವ್ಯಂಗ್ಯಚಿತ್ರಕಾರ ಜೂಲ್ಸ್ ಫೈಫರ್. ಮುಂದೆ ಕಾದಂಬರಿಕಾರರಾಗಿ ಹೆಸರಾದ ಇ. ಎಲ್. ಡಾಕ್ಟರೋ ಆಗ ಆ ಪ್ರಕಾಶನದ ಪ್ರಧಾನ ಸಂಪಾದಕರಾಗಿದ್ದರು.

ಮರುಮುದ್ರಣ ಈ ಕ್ಷೇತ್ರಕ್ಕೆ ಹೊಸದಲ್ಲ. ಅಮೆರಿಕದ ಕಾಮಿಕ್ ಪುಸ್ತಕ ಹುಟ್ಟಿದ್ದೇ ಹಾಗೆ. 1934ರಲ್ಲಿ ಅಂಗಡಿಗೆ ಬಂದ ‘ಫೇಮಸ್ ಫನ್ನೀಸ್’ ಪತ್ರಿಕೆಗಳ ಭಾನುವಾರದ ಚಿತ್ರಮಾಲೆಗಳನ್ನು ಒಟ್ಟುಗೂಡಿಸಿ 10 ಸೆಂಟ್‌ಗೆ ಮಾರುತ್ತಿತ್ತು. 1938ರ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ. ಮರುವರ್ಷ ಬಂದ ‘ಸೂಪರ್‌ಮ್ಯಾನ್’ ಮೊದಲ ಸಂಚಿಕೆಯೂ ಬಹುಪಾಲು ಅಲ್ಲಿನ ಕಥೆಗಳನ್ನೇ ಮತ್ತೆ ಅಚ್ಚುಹಾಕಿತ್ತು. ಒಮ್ಮೆ ಹಣ ಕೊಟ್ಟು ಬರೆಸಿದ ಕಥೆಯನ್ನು ಎರಡು ಸಲ ಮಾರುವುದು ಪ್ರಕಾಶಕರಿಗೆ ಲಾಭದ ದಾರಿ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಅವರಿಗೆ ಮಾತ್ರ ಸಿಕ್ಕಿದ್ದು 130 ಡಾಲರ್. ಅಷ್ಟಕ್ಕೇ ಪಾತ್ರದ ಹಕ್ಕೆಲ್ಲ ಕೈಬಿಟ್ಟಿತ್ತು.

ಇಷ್ಟೆಲ್ಲ ಅಚ್ಚಾದರೂ ಹಳೆಯ ಪ್ರತಿಗಳು ಉಳಿಯಲಿಲ್ಲ. ಸುದ್ದಿಕಾಗದದ ಮೇಲೆ ಮುದ್ರಿಸಿದ ಪುಟಗಳು ಬೇಗ ಹಳದಿಯಾಗಿ ಪುಡಿಯಾಗುತ್ತಿದ್ದವು. ಓದಿದ ಮೇಲೆ ಎಸೆಯುವ ವಸ್ತು ಎಂದೇ ಎಲ್ಲರೂ ಭಾವಿಸಿದ್ದರು; ಗ್ರಂಥಾಲಯಗಳು ಅವನ್ನು ಕೂಡಿಡಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದ ಸಂಗ್ರಹಿಸುವ ಅಭಿಯಾನಗಳಿಗೆ ಮಕ್ಕಳೇ ತಮ್ಮ ಕಾಮಿಕ್ಸ್ ಕಟ್ಟುಗಳನ್ನು ಹೊತ್ತುಕೊಟ್ಟರು. ಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳ ಬೇಡಿಕೆ ಕುಸಿದು, 1950ರ ದಶಕದ ಆರಂಭಕ್ಕೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮುಂತಾದ ಕೆಲವರಷ್ಟೇ ಉಳಿದರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ದಮ್, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ವಾದಿಸುವ ಪುಸ್ತಕ ಬರೆದರು. ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು, ಉದ್ಯಮವೇ ತನಗೊಂದು ಕಟ್ಟುನಿಟ್ಟಿನ ಸಂಹಿತೆ ವಿಧಿಸಿಕೊಂಡಿತು.

ಸೂಪರ್‌ಹೀರೋಗಳು ಮತ್ತೆ ಚೇತರಿಸಿಕೊಂಡದ್ದು 1956ರಲ್ಲಿ ಹೊಸ ‘ಫ್ಲ್ಯಾಶ್’ ಬಂದ ಮೇಲೆ. 1960ರಲ್ಲಿ 80 ಪುಟಗಳ ‘ಸೂಪರ್‌ಮ್ಯಾನ್ ಆ್ಯನ್ಯುಯಲ್’ 25 ಸೆಂಟ್ ಬೆಲೆಗೆ ಹೊರಬಂತು. ಅದು ಪೂರ್ತಿ ಮರುಮುದ್ರಣದ ಪುಸ್ತಕ. ಆದರೆ ಅದರಲ್ಲಿದ್ದವು ಹೆಚ್ಚಾಗಿ ಹಿಂದಿನ ದಶಕದ ಕಥೆಗಳು. ಯಾವ ಕಥೆ ಯಾರ ಕೈಯಿಂದ, ಯಾವ ಸಂದರ್ಭದಲ್ಲಿ ಹುಟ್ಟಿತು ಎಂಬುದನ್ನು ಓದುಗನಿಗೆ ತಿಳಿಸಬೇಕೆಂಬ ಉದ್ದೇಶ ಅಂಥ ಸಂಚಿಕೆಗಳಿಗೆ ಇರಲಿಲ್ಲ.

ಆ ಕೆಲಸಕ್ಕೆ ಫೈಫರ್‌ಗಿಂತ ತಕ್ಕವರು ಸಿಗುವುದು ಕಷ್ಟವಿತ್ತು. 1929ರಲ್ಲಿ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಅವರು ಈ ಕಥೆಗಳು ಬಿಸಿಬಿಸಿಯಾಗಿ ಅಚ್ಚಾಗುತ್ತಿದ್ದಾಗಲೇ ಓದಿ ಬೆಳೆದವರು. ಹದಿಹರೆಯದಲ್ಲೇ, 1946ರ ಹೊತ್ತಿಗೆ, ‘ದಿ ಸ್ಪಿರಿಟ್’ನ ಕರ್ತೃ ವಿಲ್ ಐಸ್ನರ್ ಬಳಿ ಸಹಾಯಕರಾಗಿ ಸೇರಿದರು. ಹಾಗಾಗಿ ಅವರ ಪ್ರಬಂಧದಲ್ಲಿ ಓದುಗನ ನೆನಪೂ ಇದೆ, ಕಸುಬುದಾರನ ಅನುಭವವೂ ಇದೆ. ತರುಣ ಚಿತ್ರಕಾರರು ಪುಟದ ಲೆಕ್ಕದಲ್ಲಿ ಹಗಲಿರುಳು ದುಡಿದ ಕಥೆಯನ್ನು ಅದು ಹೇಳುತ್ತದೆ. ವರ್ದಮ್ ಅವರ ಆರೋಪಗಳಿಗೆ ಉತ್ತರ ಕೊಡುವಾಗ ಕಾಮಿಕ್ಸ್ ಉನ್ನತ ಕಲೆಯೆಂದು ಫೈಫರ್ ವಾದಿಸಲಿಲ್ಲ. ಅದು ಕಳಪೆ ಸರಕೆಂದು ಒಪ್ಪಿಕೊಂಡೇ, ದೊಡ್ಡವರ ಆಳ್ವಿಕೆಯಲ್ಲಿರುವ ಮಗುವಿಗೆ ಅಂಥ ಸರಕಿನ ಅಗತ್ಯವಿದೆ ಎಂದರು. ಕಾಮಿಕ್ಸ್ ಪರವಾಗಿ ಬಂದ ವಾದಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ವಿರಳ. ಸೂಪರ್‌ಮ್ಯಾನ್ ಜನರ ನಡುವೆ ಬಾಳುವ ರೂಪವಾದ ಕ್ಲಾರ್ಕ್ ಕೆಂಟ್ ಎಂಬವನೇ ವೇಷ, ಸೂಪರ್‌ಮ್ಯಾನ್ ನಿಜ ಎಂಬ ಅವರ ಮಾತನ್ನು ಮುಂದಿನವರು ಮತ್ತೆ ಮತ್ತೆ ಬಳಸಿದ್ದಾರೆ.

ಸಂಕಲನದಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಜೊತೆಗೆ ಫ್ಲ್ಯಾಶ್, ಗ್ರೀನ್ ಲ್ಯಾಂಟರ್ನ್, ಸ್ಪೆಕ್ಟರ್, ಹಾಕ್‌ಮ್ಯಾನ್, ಹ್ಯೂಮನ್ ಟಾರ್ಚ್, ಸಬ್-ಮ್ಯಾರಿನರ್, ಕ್ಯಾಪ್ಟನ್ ಅಮೆರಿಕ, ಪ್ಲಾಸ್ಟಿಕ್ ಮ್ಯಾನ್, ಸ್ಪಿರಿಟ್ ಇದ್ದಾರೆ. ಬೇರೆ ಬೇರೆ ಪ್ರಕಾಶಕರ ಪಾತ್ರಗಳು ಒಂದೇ ಹೊದಿಕೆಯೊಳಗೆ ಬಂದದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ಕ್ಯಾಪ್ಟನ್ ಮಾರ್ವೆಲ್‌ಗೆ ಮಾತ್ರ ಸಿಕ್ಕಿದ್ದು ಒಂದೇ ಪುಟ. ಅವನು ಸೂಪರ್‌ಮ್ಯಾನ್‌ನ ನಕಲು ಎಂದು ಸೂಪರ್‌ಮ್ಯಾನ್‌ನ ಪ್ರಕಾಶಕರು ಹೂಡಿದ ದಾವೆ ಬಹಳ ವರ್ಷ ನಡೆದು, 1953ರಲ್ಲಿ ಅವನ ಪ್ರಕಾಶಕರಾದ ಫಾಸೆಟ್ ಸಂಸ್ಥೆ ಹಣ ತೆತ್ತು ಆ ಪಾತ್ರವನ್ನೇ ನಿಲ್ಲಿಸಲು ಒಪ್ಪಿತ್ತು. ಒಂದು ಕಾಲಕ್ಕೆ ಮಾರಾಟದಲ್ಲಿ ಸೂಪರ್‌ಮ್ಯಾನ್‌ನನ್ನೇ ಹಿಂದಿಕ್ಕಿದ್ದವನ ಗತಿ ಇದು.

ಪುಸ್ತಕದ ಪರಿಣಾಮ ಬೇಗ ಕಾಣಿಸಿತು. 1952ರಲ್ಲಿ ನಿಂತುಹೋಗಿದ್ದ ‘ಸ್ಪಿರಿಟ್’ ಮೇಲೆ ಮತ್ತೆ ಕುತೂಹಲ ಮೂಡಿ, 1966ರ ಜನವರಿಯಲ್ಲಿ ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಅದರ ಹೊಸ ಕಥೆಯೊಂದನ್ನು ಪ್ರಕಟಿಸಿತು. ಅದೇ ತಿಂಗಳು ‘ಬ್ಯಾಟ್‌ಮ್ಯಾನ್’ ಟಿವಿ ಧಾರಾವಾಹಿಯೂ ಶುರುವಾಯಿತು. 1970ರ ದಶಕದಲ್ಲಿ ದೊಡ್ಡ ಪ್ರಕಾಶಕರು ತಮ್ಮ ಪಾತ್ರಗಳ ಸಂಕಲನಗಳನ್ನು ಪುಸ್ತಕದಂಗಡಿಗೆ ತಂದರು. 1987ರಲ್ಲಿ ‘ಮಾರ್ವೆಲ್ ಮಾಸ್ಟರ್‌ವರ್ಕ್ಸ್’, 1989ರಲ್ಲಿ ‘ಡಿಸಿ ಆರ್ಕೈವ್ ಎಡಿಷನ್ಸ್’ ಮಾಲೆಗಳು ಆರಂಭವಾದವು. ಕಥೆಗಳಿಗೆ ಗೌರವ ಬಂದಷ್ಟು ಬೇಗ ಕರ್ತೃಗಳಿಗೆ ಬರಲಿಲ್ಲ. ಸೀಗಲ್ ಮತ್ತು ಶುಸ್ಟರ್ ಅವರಿಗೆ ವರ್ಷಾಶನ ಮತ್ತು ಕಳೆದುಹೋದ ಹೆಸರು ಸಿಕ್ಕಿದ್ದು 1975ರಲ್ಲಿ, ಸಾರ್ವಜನಿಕ ಒತ್ತಡದ ಬಳಿಕ.

2003ರಲ್ಲಿ ಫ್ಯಾಂಟಾಗ್ರಾಫಿಕ್ಸ್ ಸಂಸ್ಥೆ ಫೈಫರ್ ಅವರ ಪ್ರಬಂಧವನ್ನಷ್ಟೇ, ಕಾಮಿಕ್ಸ್ ಪುಟಗಳಿಲ್ಲದೆ, ಚಿಕ್ಕ ಪುಸ್ತಕವಾಗಿ ತಂದಿತು. ಮಾತು ಮತ್ತು ಚಿತ್ರ ಎರಡನ್ನೂ ಒಟ್ಟಿಗೆ ಓದಬಯಸುವವರು 1965ರ ಆವೃತ್ತಿಯನ್ನೇ ಹುಡುಕಬೇಕು.